ಒಂದು ಚೀಟಿ, ಎರಡು ಬಾಗಿಲು: ಮಾರ್ಮನ್ ಮದುವೆಮನೆಯೊಳಗೆ

ಅಕ್ಕನ ಮದುವೆ ಒಳಗೆ ನಡೆಯುತ್ತಿದೆ. ಹದಿನಾಲ್ಕು ವರ್ಷದ ತಮ್ಮ ಹೊರಗೆ ಕಾಯುತ್ತಿದ್ದಾನೆ. ಪಕ್ಕದಲ್ಲಿ ಅಜ್ಜಿ. ಇಬ್ಬರೂ ಹೊಸ ಬಟ್ಟೆ ಹಾಕಿದ್ದಾರೆ, ಅಜ್ಜಿ ಕೈಯಲ್ಲಿ ಹೂಗುಚ್ಛ ಇದೆ. ಮನೆಯಲ್ಲಿ ಜಗಳವೇನೂ ಆಗಿಲ್ಲ. ಹುಡುಗನನ್ನು ಕಂಡರೆ ಅಜ್ಜಿಗೆ ಪ್ರೀತಿಯೇ. ಆದರೂ ಆ ಬಾಗಿಲು ದಾಟಬೇಕಾದರೆ ಜೇಬಿನಲ್ಲಿ ಒಂದು ಸಣ್ಣ ಚೀಟಿ ಇರಬೇಕು. ತಮ್ಮನಿಗೆ ಅದಕ್ಕೆ ವಯಸ್ಸು ಸಾಲದು. ಅಜ್ಜಿ ಆ ಧರ್ಮದವಳೇ ಅಲ್ಲ.

ಅಮೆರಿಕದ ಯೂಟಾ ರಾಜ್ಯದಲ್ಲಿ ಇದು ಅಪರೂಪದ ದೃಶ್ಯವಲ್ಲ. ಹೊರಗಿನಿಂದ ನೋಡಿದರೆ ‘ಇದೆಂಥ ಮದುವೆಯಪ್ಪಾ’ ಅನ್ನಿಸುತ್ತದೆ. ಅದು ಅರ್ಥವಾಗಬೇಕಾದರೆ ಮದುವೆಯ ದಿನವನ್ನಷ್ಟೇ ನೋಡಿದರೆ ಸಾಲದು. ಅದಕ್ಕೆ ಮುಂಚಿನ ನಾಲ್ಕು ತಿಂಗಳು ಆ ಮನೆಯಲ್ಲಿ, ಆ ಚರ್ಚಿನಲ್ಲಿ ಏನೇನು ನಡೆಯುತ್ತದೆ ಅಂತ ನೋಡಬೇಕು. ಅದಕ್ಕೇ ನಾನೊಂದು ಮನೆಯನ್ನು ಕಲ್ಪಿಸಿಕೊಂಡಿದ್ದೇನೆ. ಜನ ಕಲ್ಪನೆಯವರು, ಪದ್ಧತಿಗಳು ನಿಜವಾದವು. ಊರು ಪ್ರೊವೊ. ಹುಡುಗಿಗೆ 21, ಅಲ್ಲೇ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಹುಡುಗನಿಗೆ 23. ಅಪ್ಪ ಹುಟ್ಟಿನಿಂದ ಮಾರ್ಮನ್. ಅಮ್ಮ ಕಾಲೇಜಿನಲ್ಲಿದ್ದಾಗ ಆ ಧರ್ಮಕ್ಕೆ ಸೇರಿದವಳು. ಅಮ್ಮನ ತಾಯಿ, ಅಂದರೆ ನಮ್ಮ ಅಜ್ಜಿ, ಕ್ಯಾಥೊಲಿಕ್. ಮನೆಗೆ ಕೊನೆಯವಳು ಏಳು ವರ್ಷದ ಪುಟ್ಟಿ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ‘ಮಾರ್ಮನ್’ ಅನ್ನುವುದು ಊರವರು ಇಟ್ಟ ಹೆಸರು. ಅವರು ಬೈಬಲ್ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಅನ್ನೂ ಧರ್ಮಗ್ರಂಥ ಅಂತ ನಂಬುವುದರಿಂದ ಅದು ಅಂಟಿಕೊಂಡಿತು. ಸಂಸ್ಥೆಯ ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ‘ದಯವಿಟ್ಟು ಪೂರ್ತಿ ಹೆಸರು ಹೇಳಿ’ ಅಂತ ಕೇಳಿಕೊಂಡರು. ನ್ಯಾಯವಾದ ಮಾತೇ. ಆದರೆ ಅಷ್ಟುದ್ದದ ಹೆಸರನ್ನು ಪ್ರತಿ ಸಾಲಿನಲ್ಲಿ ಬರೆಯುವುದು ಕಷ್ಟ. ಓದುವವರಿಗೆ ಗೊತ್ತಿರುವುದೂ ‘ಮಾರ್ಮನ್’ ಅನ್ನುವ ಪದವೇ. ಹಾಗಾಗಿ ಅದನ್ನೇ ಬಳಸುತ್ತೇನೆ.

ಇತಿಹಾಸ ಇಷ್ಟೇ ಸಾಕು: 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಈ ಚರ್ಚನ್ನು ಶುರು ಮಾಡಿದ. ಹೋದಲ್ಲೆಲ್ಲ ವಿರೋಧ, ಗಲಾಟೆ. 1844ರಲ್ಲಿ ಇಲಿನಾಯ್‌ನ ಒಂದು ಜೈಲಿನಲ್ಲಿ ಗುಂಪೊಂದು ಅವನನ್ನು ಕೊಂದಿತು. ಬ್ರಿಗಮ್ ಯಂಗ್ ಉಳಿದವರನ್ನು ಕಟ್ಟಿಕೊಂಡು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದ. ಯೂಟಾ ಇವತ್ತಿಗೂ ಅವರ ತವರು. ಜಗತ್ತಿನಾದ್ಯಂತ 2024ರ ಕೊನೆಗೆ ಸದಸ್ಯರ ಸಂಖ್ಯೆ 1 ಕೋಟಿ 75 ಲಕ್ಷ ದಾಟಿತ್ತು.

ಇನ್ನು, ಈ ಧರ್ಮದಲ್ಲಿ ಎರಡು ಥರದ ಕಟ್ಟಡಗಳಿವೆ. ಇದೊಂದು ಗೊತ್ತಾದರೆ ಅರ್ಧ ಗೊಂದಲ ಮುಗಿಯುತ್ತದೆ. ಒಂದು, ಭಾನುವಾರ ಹೋಗುವ ಚರ್ಚ್. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು, ಕೇಳುವವರಿಲ್ಲ. ಇನ್ನೊಂದು, ಟೆಂಪಲ್. ಅದು ಭಾನುವಾರ ಮುಚ್ಚಿರುತ್ತದೆ. ಅಲ್ಲಿ ಪ್ರವಚನ ಇಲ್ಲ, ವಾರದ ಪ್ರಾರ್ಥನೆ ಇಲ್ಲ. ಜೀವನದ ದೊಡ್ಡ ವಿಧಿಗಳಿಗೆ, ಸತ್ತ ಹಿರಿಯರ ಪರವಾಗಿ ಮಾಡುವ ವಿಧಿಗಳಿಗೆ ಮಾತ್ರ ಆ ಜಾಗ. ಚೀಟಿ ಬೇಕಾಗುವುದು ಇಲ್ಲಿಗೆ. ಮಾರ್ಮನ್ ಮದುವೆ ನಡೆಯುವುದೂ ಇಲ್ಲೇ.

ಯಾಕೆ ಇಲ್ಲೇ ಆಗಬೇಕು? ಹೆಚ್ಚಿನ ಕ್ರೈಸ್ತ ಮದುವೆಗಳಲ್ಲಿ ‘ಸಾವು ನಮ್ಮನ್ನು ಅಗಲಿಸುವ ತನಕ’ ಅನ್ನುವ ಮಾತು ಬರುತ್ತದೆ. ಸತ್ತಮೇಲೆ ಮದುವೆ ಅನ್ನುವುದು ಇಲ್ಲ ಅನ್ನುವುದು ಅವರ ನಂಬಿಕೆ. ಮಾರ್ಮನ್ನರು ಇಲ್ಲೇ ಬೇರೆ ದಾರಿ ಹಿಡಿದರು. ‘ಈ ಕಾಲಕ್ಕೂ ಎಲ್ಲಾ ಕಾಲಕ್ಕೂ’ ಗಂಡ ಹೆಂಡತಿಯನ್ನು ಬೆಸೆಯಬಹುದು, ಆ ಅಧಿಕಾರವನ್ನು ದೇವರು ಮತ್ತೆ ಭೂಮಿಗೆ ಕೊಟ್ಟಿದ್ದಾನೆ ಅಂತ ಅವರು ನಂಬುತ್ತಾರೆ. ಈ ವಿಧಿಗೆ ಸೀಲಿಂಗ್ ಅಂತ ಹೆಸರು. ಮುದ್ರೆ ಒತ್ತುವುದು ಅಂದುಕೊಳ್ಳಿ. ಜೋಸೆಫ್ ಸ್ಮಿತ್ ಇದರ ಬಗ್ಗೆ ಹೇಳಿದ್ದನ್ನು 1843ರ ಜುಲೈನಲ್ಲಿ ಬರೆದಿಟ್ಟುಕೊಂಡರು. ನಾವು ಏಳೇಳು ಜನ್ಮದ ನಂಟು ಅನ್ನುತ್ತೇವಲ್ಲ, ಅದರಲ್ಲಿ ಪ್ರತಿ ಸಲವೂ ಹೊಸದಾಗಿ ಹುಟ್ಟಿ ಬರಬೇಕು. ಇವರ ಲೆಕ್ಕದಲ್ಲಿ ಹುಟ್ಟುವುದು ಒಂದೇ ಸಲ, ಸಂಸಾರ ಮಾತ್ರ ಮುಗಿಯುವುದೇ ಇಲ್ಲ. ಬೆಸೆದವರಿಗೆ ಹುಟ್ಟಿದ ಮಕ್ಕಳೂ ಆ ಸರಪಳಿಯೊಳಗೇ ಹುಟ್ಟುತ್ತಾರೆ.

ಈ ನಂಬಿಕೆಯ ಜೊತೆಗೇ ಬೆಳೆದು ಬಂದದ್ದು ಬಹುಪತ್ನಿತ್ವ. ಮಾರ್ಮನ್ ಅಂದ ತಕ್ಷಣ ಹೊರಗಿನವರು ಕೇಳುವ ಮೊದಲ ಪ್ರಶ್ನೆ ಅದೇ. ಹೌದು, ಹತ್ತೊಂಬತ್ತನೇ ಶತಮಾನದಲ್ಲಿ ಇತ್ತು. 1890ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ನಿಲ್ಲಿಸುವ ಪ್ರಕಟಣೆ ಹೊರಡಿಸಿದರು, 1904ರಲ್ಲಿ ಚರ್ಚು ಅದನ್ನು ಇನ್ನಷ್ಟು ಬಿಗಿ ಮಾಡಿತು. ಇವತ್ತು ಇಬ್ಬರನ್ನು ಮದುವೆಯಾದವರಿಗೆ ಈ ಚರ್ಚಿನಲ್ಲಿ ಸದಸ್ಯತ್ವ ಉಳಿಯುವುದಿಲ್ಲ. ಟಿವಿಯಲ್ಲಿ ತೋರಿಸುವ ನಾಲ್ಕು ಹೆಂಡಿರ ಸಂಸಾರಗಳು ಒಡೆದು ಹೋದ ಬೇರೆ ಗುಂಪುಗಳವು. ಆದರೆ ಅದರ ನೆರಳು ಪೂರ್ತಿ ಹೋಗಿಲ್ಲ. ಹೆಂಡತಿ ತೀರಿಕೊಂಡವನು ಎರಡನೆಯವಳ ಜೊತೆಗೂ ಸೀಲಿಂಗ್ ಮಾಡಿಸಿಕೊಳ್ಳಬಹುದು. ಗಂಡ ತೀರಿಕೊಂಡವಳು ಬದುಕಿರುವಾಗ ಮತ್ತೊಬ್ಬನ ಜೊತೆ ಹಾಗೆ ಮಾಡಿಸಿಕೊಳ್ಳಲು ಮೊದಲಿನದನ್ನು ರದ್ದು ಮಾಡಿಸಬೇಕು. ಎಷ್ಟೋ ಹೆಂಗಸರಿಗೆ ಇದು ಒಳಗೊಳಗೇ ಚುಚ್ಚುವ ವಿಷಯ. ಚುಚ್ಚದೆ ಇರುತ್ತದೆಯೇ?

ಈಗ ಪ್ರೊವೊದ ಮನೆಗೆ ಹೋಗೋಣ. ಹುಡುಗ ಉಂಗುರ ಕೊಟ್ಟಿದ್ದು ಜನವರಿಯಲ್ಲಿ. ಮದುವೆ ಮೇ ತಿಂಗಳಲ್ಲಿ, ಸೆಮಿಸ್ಟರ್ ಮುಗಿದ ಮೇಲೆ. ನಾಲ್ಕೇ ತಿಂಗಳು. ಯೂಟಾದಲ್ಲಿ ಇದು ಮಾಮೂಲು. ಮದುವೆಗೆ ಮುಂಚೆ ದೈಹಿಕ ಸಂಬಂಧ ಕೂಡದು ಅನ್ನುವ ನಿಯಮ ಇಲ್ಲಿ ಬಲು ಗಟ್ಟಿ. ಅದಕ್ಕೇ ನಿಶ್ಚಯವಾದ ಮೇಲೆ ಎಳೆದಾಡುವವರು ಕಮ್ಮಿ. ಹುಡುಗ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗಿ ಬಂದವನು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರುಫಲಕ ಹಾಕಿಕೊಂಡು ಜೋಡಿಯಾಗಿ ಮನೆ ಮನೆ ಬಾಗಿಲು ತಟ್ಟುವ ಹುಡುಗರನ್ನು ನೋಡಿರುತ್ತೀರಿ, ಅವರೇ. ಹುಡುಗರು 18ಕ್ಕೇ ಹೊರಡಬಹುದು. ವಾಪಸ್ ಬಂದವನಿಗೆ ಊರಲ್ಲಿ ಒಂದು ಬೆಲೆ ಇರುತ್ತದೆ. ‘ಮಿಷನ್ನಿಂದ ಬಂದಾಯಿತಲ್ಲ, ಮುಂದೇನು?’ ಅಂತ ಎಲ್ಲರೂ ಕೇಳುತ್ತಾರೆ. ಮುಂದೇನು ಅಂದರೆ ಮದುವೆಯೇ, ಇನ್ನೇನು.

ಸೋಮವಾರ ಸಂಜೆ ಈ ಮನೆಯಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಅದು ‘ಫ್ಯಾಮಿಲಿ ಹೋಮ್ ಈವ್ನಿಂಗ್’. ವಾರಕ್ಕೊಂದು ಸಂಜೆ ಮನೆಮಂದಿಗೆ ಅಂತ 1915ರಲ್ಲಿ ಚರ್ಚು ಶುರು ಮಾಡಿತು. 1970ರಲ್ಲಿ ಸೋಮವಾರ ಅಂತ ಗೊತ್ತುಪಡಿಸಿತು. ಒಂದು ಹಾಡು, ಒಂದು ಪ್ರಾರ್ಥನೆ, ಹತ್ತು ನಿಮಿಷದ ಪಾಠ, ಆಮೇಲೆ ಆಟ, ಕೊನೆಗೆ ಸಿಹಿ. ಕೇಳಲು ಚೆಂದ. ನಿಜದಲ್ಲಿ ಹದಿನಾಲ್ಕು ವರ್ಷದವನು ಸೋಫಾದ ಕೆಳಗೆ ಫೋನ್ ಇಟ್ಟುಕೊಂಡಿರುತ್ತಾನೆ, ಏಳು ವರ್ಷದವಳು ಪ್ರಾರ್ಥನೆಯಲ್ಲಿ ಬೆಕ್ಕಿನ ಆರೋಗ್ಯವನ್ನೂ ಸೇರಿಸುತ್ತಾಳೆ. ಮದುವೆ ಗೊತ್ತಾದ ಮೇಲೆ ಪಾಠ ಹತ್ತರಿಂದ ನಾಲ್ಕು ನಿಮಿಷಕ್ಕೆ ಇಳಿದಿದೆ. ಉಳಿದ ಹೊತ್ತು ಕರೆಯೋಲೆ ಮಡಚುವುದು, ಲಕೋಟೆಗೆ ಅಂಟು ಹಚ್ಚುವುದು. ‘ಯಾರಿಗೆ ಯಾವ ಕಾಗದ’ ಅನ್ನುವ ತಲೆನೋವು ಅಲ್ಲೇ ಶುರುವಾಗುತ್ತದೆ. ರಿಸೆಪ್ಷನ್ ಕರೆಯೋಲೆ ಇಡೀ ಊರಿಗೆ. ಟೆಂಪಲ್ ಒಳಗಿನ ವಿಧಿಗೆ ಬನ್ನಿ ಅನ್ನುವ ಸಣ್ಣ ಕಾರ್ಡು ಮಾತ್ರ ಕೆಲವು ಲಕೋಟೆಗಳಿಗೆ. ಅಜ್ಜಿಯ ಲಕೋಟೆ ಬಂದಾಗ ಅಮ್ಮನ ಕೈ ನಿಲ್ಲುತ್ತದೆ.

ಭಾನುವಾರದ್ದು ಇನ್ನೊಂದು ಲೋಕ. ಒಂದು ಬಡಾವಣೆಯ ಮಾರ್ಮನ್ ಕುಟುಂಬಗಳೆಲ್ಲ ಸೇರಿ ಒಂದು ‘ವಾರ್ಡ್’. ಹಲವು ವಾರ್ಡ್ ಸೇರಿ ಒಂದು ‘ಸ್ಟೇಕ್’. ನನಗೆ ಇಷ್ಟವಾದ ಚರ್ಚಿಗೆ ಹೋಗುತ್ತೇನೆ ಅನ್ನುವ ಹಾಗಿಲ್ಲ, ಮನೆ ಎಲ್ಲಿದೆಯೋ ಅದೇ ವಾರ್ಡ್. ಅದರ ಮುಖ್ಯಸ್ಥ ಬಿಷಪ್. ಬಿಷಪ್ ಅಂದ ತಕ್ಷಣ ದೊಡ್ಡ ಟೋಪಿ, ದಂಡ ಹಿಡಿದವರು ಕಣ್ಣ ಮುಂದೆ ಬಂದರೆ ಅದನ್ನು ಬಿಟ್ಟುಬಿಡಿ. ಇಲ್ಲಿ ಬಿಷಪ್ ಅಂದರೆ ಪಕ್ಕದ ಬೀದಿಯ ಹಲ್ಲಿನ ಡಾಕ್ಟರೋ ಅಕೌಂಟೆಂಟೋ ಆಗಿರಬಹುದು. ಸಂಬಳ ಇಲ್ಲ. ಸುಮಾರು ಐದು ವರ್ಷ ಮಾಡಿ, ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಮತ್ತೆ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಗಂಡಸರಿಗೆ ಮಾತ್ರ ಈ ಕೆಲಸ. ಭಾಷಣವನ್ನೂ ವಾರ್ಡಿನ ಜನರೇ ಸರದಿಯ ಮೇಲೆ ಮಾಡುತ್ತಾರೆ. ಹದಿನಾರರ ಹುಡುಗಿಯೂ ಮಾಡಬಹುದು, ಎಪ್ಪತ್ತರ ಅಜ್ಜನೂ. ಕೆಲವು ಸಲ ತುಂಬಾ ಚೆನ್ನಾಗಿರುತ್ತದೆ, ಕೆಲವು ಸಲ ನಿದ್ದೆ ಬರುತ್ತದೆ. ಬ್ರೆಡ್ಡು ಮತ್ತು ನೀರನ್ನು ಪ್ರಸಾದದಂತೆ ಹಂಚುತ್ತಾರೆ. ದ್ರಾಕ್ಷಾರಸ ಇಲ್ಲ, ನೀರೇ. ಮುಂಚೆ ಮೂರು ಗಂಟೆ ಇದ್ದ ಈ ಸಭೆಗಳನ್ನು 2019ರಿಂದ ಎರಡು ಗಂಟೆಗೆ ಇಳಿಸಿದರು. ಮಕ್ಕಳಿರುವ ಮನೆಗಳು ನಿಟ್ಟುಸಿರು ಬಿಟ್ಟವು.

ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು, ಆ ಊಟದ ಖರ್ಚನ್ನು ಬಡವರ ನಿಧಿಗೆ ಕೊಡುತ್ತಾರೆ. ಅವತ್ತು ಭಾಷಣಕ್ಕೆ ಯಾರನ್ನೂ ಗೊತ್ತು ಮಾಡಿರುವುದಿಲ್ಲ. ಮನಸ್ಸು ಬಂದವರು ಎದ್ದು ಹೋಗಿ ಮೈಕಿನ ಮುಂದೆ ತಮ್ಮ ನಂಬಿಕೆಯ ಬಗ್ಗೆ ಎರಡು ಮಾತಾಡಬಹುದು. ಮಾರ್ಚ್‌ನ ಅಂಥದ್ದೊಂದು ಭಾನುವಾರ ಅಪ್ಪ ಎದ್ದು ಹೋಗಿ ‘ಮಗಳು...’ ಅಂದವನು ಮುಂದೆ ಮಾತು ಹೊರಡದೆ ನಿಂತುಬಿಡುತ್ತಾನೆ. ಮೈಕಿನ ಪಕ್ಕದಲ್ಲಿ ಟಿಶ್ಯೂ ಡಬ್ಬಿ ಇಟ್ಟಿರುವುದು ಇಂಥ ಹೊತ್ತಿಗೇ.

ಅಷ್ಟರಲ್ಲಿ ಆ ಚೀಟಿಯ ಕೆಲಸ ಶುರುವಾಗಿರುತ್ತದೆ. ಅದಕ್ಕೆ ‘ಟೆಂಪಲ್ ರೆಕಮೆಂಡ್’ ಅನ್ನುತ್ತಾರೆ. ಪರ್ಸಿನಲ್ಲಿ ಹಿಡಿಯುವಷ್ಟು ಸಣ್ಣ ಕಾಗದ. ಅದರ ಮೇಲೆ ಮೂರು ಸಹಿ: ನಿಮ್ಮದು, ಬಿಷಪ್‌ದು, ಸ್ಟೇಕ್ ನಾಯಕರಲ್ಲೊಬ್ಬರದು. ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಸಹಿ ಬೀಳುವುದಕ್ಕೆ ಮುಂಚೆ ಎರಡು ಸಂದರ್ಶನ, ಎರಡರಲ್ಲೂ ಅವೇ ಪ್ರಶ್ನೆಗಳು. ಈ ಪ್ರಶ್ನೆಗಳೇನೂ ಗುಟ್ಟಲ್ಲ. 2019ರ ಅಕ್ಟೋಬರ್‌ನಲ್ಲಿ ನೆಲ್ಸನ್ ಅವರೇ ಜಗತ್ತಿನ ಮುಂದೆ ಓದಿ ಹೇಳಿದರು. ದೇವರಲ್ಲಿ, ಯೇಸುವಿನಲ್ಲಿ ನಂಬಿಕೆ ಇದೆಯೇ? ಚರ್ಚಿನ ಮುಖಂಡರನ್ನು ಒಪ್ಪುತ್ತೀರಾ? ದೈಹಿಕ ಶುದ್ಧತೆಯ ನಿಯಮ ಪಾಲಿಸುತ್ತೀರಾ? ನಡೆನುಡಿಯಲ್ಲಿ ಪ್ರಾಮಾಣಿಕರಾಗಿದ್ದೀರಾ? ಆದಾಯದ ಹತ್ತನೇ ಒಂದು ಪಾಲನ್ನು ಪೂರ್ತಿ ಕೊಡುತ್ತೀರಾ? ಆಹಾರದ ನಿಯಮ ಪಾಲಿಸುತ್ತೀರಾ?

ಆಹಾರದ ನಿಯಮ ಅಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. 1833ರಲ್ಲಿ ಜೋಸೆಫ್ ಸ್ಮಿತ್ ಕೊಟ್ಟ ‘ವರ್ಡ್ ಆಫ್ ವಿಸ್ಡಮ್’ ಪ್ರಕಾರ ಹೆಂಡ ಇಲ್ಲ, ತಂಬಾಕು ಇಲ್ಲ, ‘ಬಿಸಿ ಪಾನೀಯ’ ಇಲ್ಲ. ಬಿಸಿ ಪಾನೀಯ ಅಂದರೆ ಕಾಫಿ ಮತ್ತು ಟೀ ಅಂತ ಅರ್ಥ ಮಾಡಿಕೊಂಡಿದ್ದಾರೆ. ಬಿಸಿ ಚಾಕೊಲೇಟ್ ನಡೆಯುತ್ತದೆ, ಕೋಲ್ಡ್ ಕಾಫಿ ನಡೆಯುವುದಿಲ್ಲ. ಬೆಳಗ್ಗೆ ಫಿಲ್ಟರ್ ಕಾಫಿ ಇಲ್ಲದೆ ಕಣ್ಣೇ ಬಿಡದ ನನ್ನಂಥವನಿಗೆ ಹೆಂಡದ ಪ್ರಶ್ನೆ ಸುಲಭ, ಇದು ಕಷ್ಟ. ನಮ್ಮ ಅಜ್ಜಿಗೂ ಅಷ್ಟೇ. ಅವಳ ಮನೆಗೆ ಹೋದಾಗ ಮೊಮ್ಮಕ್ಕಳಿಗೆ ಮೊದಲು ಹತ್ತುವ ವಾಸನೆ ಕಾಫಿಯದು. ‘ಅಜ್ಜಿ ಮನೆ ವಾಸನೆ’ ಅಂತಲೇ ಪುಟ್ಟಿ ಅದಕ್ಕೆ ಹೆಸರಿಟ್ಟಿದ್ದಾಳೆ.

ಹುಡುಗಿಯ ಸಂದರ್ಶನ ಚರ್ಚಿನ ಒಂದು ಸಣ್ಣ ಆಫೀಸಿನಲ್ಲಿ. ಬಿಷಪ್‌ಗೆ ಅವಳು ಚಿಕ್ಕಂದಿನಿಂದ ಗೊತ್ತು. ಒಂದು ಕಾಲದಲ್ಲಿ ಅವಳ ಹಲ್ಲಿನ ಹುಳುಕು ತುಂಬಿದವರೇ ಅವರು. ಅದು ಸಲೀಸೂ ಹೌದು, ಮುಜುಗರವೂ ಹೌದು. ನಾಳೆ ಬೀದಿಯಲ್ಲಿ ಸಿಗುವ ಮನುಷ್ಯನ ಮುಂದೆ ಕೂತು ಅಷ್ಟು ಒಳಗಿನ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ತಪ್ಪಾಗಿದ್ದರೆ ಹೇಳಿಕೊಳ್ಳಬಹುದು, ಸ್ವಲ್ಪ ಸಮಯ ಕಾದು ಚೀಟಿ ಪಡೆಯಬಹುದು. ಆದರೆ ಕಾಯುವುದು ಅಂದರೆ ಮದುವೆ ಮುಂದಕ್ಕೆ ಹೋಗುವುದು. ಕರೆಯೋಲೆ ಹಂಚಿದ ಮೇಲೆ ಮುಂದಕ್ಕೆ ಹೋದರೆ ಊರು ಸುಮ್ನೆ ಇರುತ್ತದೆಯೇ? ಇಪ್ಪತ್ತೊಂದು ವರ್ಷದವರ ಮೇಲೆ ಇದು ಜಾಸ್ತಿ ಭಾರ ಅಂತ ನನಗನ್ನಿಸುತ್ತದೆ. ನಂಬುವವರು ಹೇಳುವುದು ಬೇರೆ: ಮದುವೆಗೆ ಮುಂಚೆ ಒಂದು ಸಲ ಕೂತು ‘ನಾನು ಹೇಗೆ ಬದುಕುತ್ತಿದ್ದೇನೆ’ ಅಂತ ಕೇಳಿಕೊಳ್ಳುವುದು ಒಳ್ಳೆಯದೇ ಅಲ್ವಾ? ಅದನ್ನೂ ತಳ್ಳಿಹಾಕಲು ಆಗುವುದಿಲ್ಲ.

ಸೀಲಿಂಗ್‌ಗೆ ಮುಂಚೆ ಟೆಂಪಲ್‌ನಲ್ಲಿ ಇನ್ನೊಂದು ವಿಧಿ ಆಗಬೇಕು. ಅದು ‘ಎಂಡೋಮೆಂಟ್’. ಸೃಷ್ಟಿಯ ಕಥೆ ಕೇಳಿ, ದೇವರಿಗೆ ಕೆಲವು ಮಾತು ಕೊಡುವ ಉದ್ದನೆಯ ವಿಧಿ. ಹುಡುಗ ಮಿಷನ್‌ಗೆ ಹೋಗುವ ಮುಂಚೆಯೇ ಮುಗಿಸಿದ್ದಾನೆ. ಹುಡುಗಿಗೆ ಇದೇ ಮೊದಲು. ಮದುವೆಗೆ ಎರಡು ವಾರ ಮುಂಚೆ ಅಮ್ಮ ಜೊತೆಗೆ ಬರುತ್ತಾಳೆ. ಒಳಗೆ ಎಲ್ಲರೂ ಬಿಳಿ ಬಟ್ಟೆ. ಯಾರು ಸಾಹುಕಾರ, ಯಾರು ಬಡವ ಅಂತ ಗೊತ್ತಾಗಬಾರದು ಅನ್ನುವುದು ಅದರ ಹಿಂದಿನ ಮಾತು. ಒಳಗಿನ ವಿಧಿಯ ವಿವರ ಅವರು ಹೊರಗೆ ಮಾತಾಡುವುದಿಲ್ಲ. ‘ರಹಸ್ಯ ಅಲ್ಲ, ಪವಿತ್ರ’ ಅನ್ನುತ್ತಾರೆ. ಹಾಗಾಗಿ ನಾನೂ ಇಲ್ಲಿಗೇ ಬಿಡುತ್ತೇನೆ.

ಅವತ್ತಿನಿಂದ ಅವಳು ಹಗಲೂ ರಾತ್ರಿ ಬಟ್ಟೆಯ ಒಳಗೆ ‘ಗಾರ್ಮೆಂಟ್’ ಹಾಕಿಕೊಳ್ಳಬೇಕು. ಮೇಲೊಂದು, ಕೆಳಗೊಂದು, ಎರಡು ತುಂಡಿನ ಸರಳ ಒಳ ಉಡುಪು. ಕೊಟ್ಟ ಮಾತನ್ನು ಮೈಗೆ ನೆನಪಿಸುತ್ತಿರಲಿ ಅಂತ. ಜನಿವಾರ, ಇಷ್ಟಲಿಂಗ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಅಮೆರಿಕದಲ್ಲಿ ಮಾತ್ರ ಇದರ ಬಗ್ಗೆ ಕುಹಕ ತುಂಬಾ. 2014ರಲ್ಲಿ ಚರ್ಚು ಒಂದು ವಿಡಿಯೊ ಮಾಡಿ, ಬೇರೆ ಧರ್ಮಗಳ ಉಡುಪಿನ ಥರವೇ ಇದೂ, ಗೌರವ ಇರಲಿ ಅಂತ ಹೇಳಬೇಕಾಯಿತು.

ಗಾರ್ಮೆಂಟ್ ಬಂದ ಮೇಲೆ ಮದುವೆಯ ಉಡುಪಿನ ಲೆಕ್ಕವೂ ಬದಲಾಗುತ್ತದೆ. ಒಳಗಿನದು ಕಾಣಬಾರದು, ಟೆಂಪಲ್ ಒಳಗೆ ಹಾಕುವುದಾದರೆ ಉದ್ದ ತೋಳೋ ಮುಕ್ಕಾಲು ತೋಳೋ ಇರಬೇಕು, ಬೆನ್ನು ಮುಚ್ಚಿರಬೇಕು, ಬಿಳಿಯೇ ಆಗಿರಬೇಕು. ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಮದುವೆ ಗೌನುಗಳಿಗೆ ತೋಳೇ ಇರುವುದಿಲ್ಲ. ಅದಕ್ಕೇ ಯೂಟಾದಲ್ಲಿ ಮೈತುಂಬಾ ಉಡುಪಿನದೇ ಬೇರೆ ಅಂಗಡಿಗಳಿವೆ. ನಮ್ಮ ಹುಡುಗಿ ತಂದ ಗೌನಿಗೆ ಅಜ್ಜಿಯೇ ಕೂತು ತೋಳು ಹೊಲಿದುಕೊಟ್ಟಿದ್ದಾಳೆ. ತಾನು ನೋಡಲಾಗದ ಮದುವೆಗೆ ಹೋಗುವ ಗೌನಿಗೆ.

ಅಜ್ಜಿಗೆ ಇದು ಎರಡನೇ ಸಲ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಅವಳ ಸ್ವಂತ ಮಗಳು ಇದೇ ರೀತಿ ಮದುವೆಯಾದಾಗಲೂ ಅವಳು ಹೊರಗೇ ಕೂತಿದ್ದಳು. ಆಗ ನಿಯಮ ಇನ್ನೂ ಬಿಗಿ ಇತ್ತು. ಅಮೆರಿಕದಂಥ ದೇಶಗಳಲ್ಲಿ ಮೊದಲು ಎಲ್ಲರ ಮುಂದೆ ಸಾದಾ ಮದುವೆ ಮಾಡಿಕೊಂಡರೆ, ಟೆಂಪಲ್ ಸೀಲಿಂಗ್‌ಗೆ ಒಂದು ವರ್ಷ ಕಾಯಬೇಕಿತ್ತು. ಒಂದು ವರ್ಷ ಕಾದರು ಅಂದರೆ ‘ಏನೋ ತಪ್ಪಾಗಿರಬೇಕು’ ಅಂತ ಜನ ಪಿಸುಗುಡುತ್ತಿದ್ದರು. ಹಾಗಾಗಿ ಬೇರೆ ಧರ್ಮದ ಅಪ್ಪ ಅಮ್ಮಂದಿರನ್ನು ಹೊರಗೆ ಕೂರಿಸಿ ಮದುವೆಯಾಗುವುದೇ ವಾಡಿಕೆಯಾಯಿತು. ಮಜಾ ನೋಡಿ, ಬ್ರಿಟನ್‌ನಂಥ ದೇಶಗಳಲ್ಲಿ ಮದುವೆ ತೆರೆದ ಬಾಗಿಲಲ್ಲೇ ನಡೆಯಬೇಕು ಅನ್ನುವ ಕಾನೂನಿದೆ. ಅಲ್ಲಿನ ಮಾರ್ಮನ್ನರು ಮೊದಲು ಎಲ್ಲರ ಮುಂದೆ ಮದುವೆಯಾಗಿ, ಆಮೇಲೆ ಟೆಂಪಲ್‌ಗೆ ಹೋಗುತ್ತಿದ್ದರು. ಅವರಿಗೆ ಈ ಒಂದು ವರ್ಷದ ಕಟ್ಟು ಇರಲಿಲ್ಲ. ಒಂದೇ ಧರ್ಮ, ಒಂದೇ ದೇವರು, ಎರಡು ಲೆಕ್ಕ. ಕೊನೆಗೆ 2019ರ ಮೇ 6ರಂದು ಚರ್ಚು ಆ ಒಂದು ವರ್ಷದ ನಿಯಮವನ್ನು ಎಲ್ಲ ಕಡೆ ತೆಗೆದುಹಾಕಿತು. ಎಷ್ಟೋ ಮನೆಗಳಲ್ಲಿ ಸಂತೋಷ. ಜೊತೆಗೆ, ‘ಇಷ್ಟು ಸುಲಭವಾಗಿದ್ದರೆ ನಮ್ಮ ಕಾಲದಲ್ಲಿ ಯಾಕೆ ಮಾಡಲಿಲ್ಲ’ ಅನ್ನುವ ಸಂಕಟ. ಹಳೇ ಫೋಟೊದಲ್ಲಿ ಅಮ್ಮ ಇಲ್ಲದ್ದು ಹೊಸ ನಿಯಮದಿಂದ ಸರಿಹೋಗುತ್ತದೆಯೇ?

ಇದಕ್ಕಿಂತ ದೊಡ್ಡ ಬಾಗಿಲೊಂದು 1978ರ ತನಕ ಮುಚ್ಚಿತ್ತು, ಅದನ್ನೂ ಹೇಳಬೇಕು. ಆ ವರ್ಷದ ಜೂನ್‌ವರೆಗೆ ಆಫ್ರಿಕಾ ಮೂಲದ ಕಪ್ಪು ಸದಸ್ಯರಿಗೆ ಟೆಂಪಲ್‌ನಲ್ಲಿ ಸೀಲಿಂಗ್ ಮಾಡಿಸಿಕೊಳ್ಳಲು ಅವಕಾಶವೇ ಇರಲಿಲ್ಲ. ಅವರದು ಇದೇ ಚರ್ಚು, ಇದೇ ಉಪವಾಸ, ಇದೇ ಹತ್ತನೇ ಪಾಲು. ಆದರೂ ಚೀಟಿ ಇಲ್ಲ.

ನಮ್ಮ ಹುಡುಗಿಗೆ ಈಗ ಎರಡು ದಾರಿ ಇದೆ. ಅಜ್ಜಿಯ ಹಿತ್ತಲಲ್ಲಿ ಮೊದಲು ಎಲ್ಲರೆದುರು ಮದುವೆಯಾಗಿ, ಮಾರನೇ ದಿನ ಟೆಂಪಲ್‌ಗೆ ಹೋಗಬಹುದು. ಇಲ್ಲವೇ ನೇರವಾಗಿ ಟೆಂಪಲ್‌ನಲ್ಲೇ ಮದುವೆಯಾಗಬಹುದು. ಊಟದ ಮೇಜಿನ ಮೇಲೆ ಒಂದು ವಾರ ಇದೇ ಚರ್ಚೆ. ಅಮ್ಮ ‘ಹಾಗೇ ಮಾಡೋಣ’ ಅನ್ನುತ್ತಾಳೆ, ಅವಳಿಗೆ ಹಳೆಯದು ಮರೆತಿಲ್ಲ. ಹುಡುಗನ ಮನೆಯವರು ಆರು ತಲೆಮಾರಿನ ಮಾರ್ಮನ್ನರು. ಅವರ ಬಾಯಲ್ಲಿ ‘ಬೇಡ’ ಅಂತ ಬರುವುದಿಲ್ಲ, ಮುಖದಲ್ಲಿ ಬರುತ್ತದೆ. ಹುಡುಗಿಗೆ ಮಾತ್ರ ತನ್ನ ಮದುವೆ ಅಂದರೆ ಟೆಂಪಲ್ ಒಳಗಿನದೇ, ಅದು ಎರಡನೇ ಸಲ ಆಗುವುದು ಅವಳಿಗೆ ಬೇಡ. ಕೊನೆಗೆ ನಡುವಿನ ದಾರಿ: ಬೆಳಗ್ಗೆ ಟೆಂಪಲ್, ಮಧ್ಯಾಹ್ನ ಅಜ್ಜಿಯ ಹಿತ್ತಲಲ್ಲಿ ಉಂಗುರ ಬದಲಾಯಿಸುವುದು. ಸೀಲಿಂಗ್ ವಿಧಿಯಲ್ಲಿ ಉಂಗುರಕ್ಕೆ ಜಾಗವಿಲ್ಲ, ಹಾಗಾಗಿ ಅದನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಅಜ್ಜಿ ‘ಆಯ್ತು’ ಅಂದಳು. ಹಿತ್ತಲ ಹುಲ್ಲು ಕತ್ತರಿಸಲು ಅವತ್ತೇ ಜನ ಹುಡುಕಿದಳು.

ಟೆಂಪಲ್ ಯಾವುದು? ತಾಯಿಮನೆ ಅಂದರೆ ಸಾಲ್ಟ್ ಲೇಕ್ ಟೆಂಪಲ್. 1853ರಲ್ಲಿ ಶುರುವಾಗಿ 1893ರಲ್ಲಿ ಮುಗಿದದ್ದು, ನಲವತ್ತು ವರ್ಷದ ಕೆಲಸ. ಭೂಕಂಪಕ್ಕೆ ಗಟ್ಟಿ ಮಾಡಬೇಕು ಅಂತ 2019ರ ಕೊನೆಯಲ್ಲಿ ಅದನ್ನು ಮುಚ್ಚಿದರು. ಇವರು ಆರಿಸಿಕೊಂಡಿದ್ದು ಪ್ರೊವೊ ಪೇಟೆ ನಡುವಿನ ಇಟ್ಟಿಗೆ ಕಟ್ಟಡ. ಮೂಲತಃ ಅದು ಹಳೆಯ ಸಭಾಭವನ. 2010ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು ಗೋಡೆಗಳಷ್ಟೇ ಉಳಿದವು. ಕೆಡವುವ ಬದಲು ಆ ಗೋಡೆಗಳನ್ನು ಎತ್ತಿಹಿಡಿದು ಅಡಿಯಿಂದ ಹೊಸದಾಗಿ ಕಟ್ಟಿ, 2016ರಲ್ಲಿ ಟೆಂಪಲ್ ಮಾಡಿದರು.

ಒಳಗಿನ ಮದುವೆ ಅರ್ಧ ಗಂಟೆಯೂ ಇರುವುದಿಲ್ಲ. ಸಣ್ಣ ಕೋಣೆ, ಸುತ್ತ ಕುರ್ಚಿಗಳು, ನಡುವೆ ಮೆತ್ತೆ ಹಾಕಿದ ವೇದಿಕೆ. ಅದರ ಎರಡೂ ಬದಿಗೆ ಹುಡುಗ ಹುಡುಗಿ ಎದುರುಬದುರು ಮಂಡಿಯೂರಿ ಕೈ ಹಿಡಿಯುತ್ತಾರೆ. ವಾದ್ಯ ಇಲ್ಲ, ಮೆರವಣಿಗೆ ಇಲ್ಲ, ಕ್ಯಾಮೆರಾ ಇಲ್ಲ. ವಿಧಿ ನಡೆಸುವವರಿಗೆ ‘ಸೀಲರ್’ ಅನ್ನುತ್ತಾರೆ. ಸಾಮಾನ್ಯವಾಗಿ ವಯಸ್ಸಾದವರು, ಮೊದಲು ಸಂಸಾರದ ಬಗ್ಗೆ ನಾಲ್ಕು ಬುದ್ಧಿಮಾತು ಹೇಳುತ್ತಾರೆ. ಇಬ್ಬರು ಸಾಕ್ಷಿ ಬೇಕು. ಮುಂಚೆ ಗಂಡಸರೇ, ಹೆಚ್ಚಾಗಿ ಎರಡೂ ಕಡೆಯ ಅಪ್ಪಂದಿರೇ ಕೂರುತ್ತಿದ್ದರು. 2019ರ ಅಕ್ಟೋಬರ್‌ನಿಂದ ಹೆಂಗಸರೂ ಸಾಕ್ಷಿಯಾಗಬಹುದು. ಇಲ್ಲಿ ಅಮ್ಮ ಕೂತಿದ್ದಾಳೆ.

ಗೋಡೆಗಳ ಮೇಲೆ ಎದುರುಬದುರು ದೊಡ್ಡ ಕನ್ನಡಿಗಳಿವೆ. ಒಂದರೊಳಗೊಂದು, ಅದರೊಳಗೊಂದು, ಕೊನೆಯಿಲ್ಲದೆ. ವಿಧಿ ಮುಗಿದ ಮೇಲೆ ಇಬ್ಬರನ್ನೂ ನಿಲ್ಲಿಸಿ ‘ನೋಡಿ’ ಅನ್ನುತ್ತಾರೆ. ನೋಡಿದಷ್ಟೂ ಅವರೇ, ಇಬ್ಬರೇ, ದೂರದವರೆಗೆ. ಅನಂತ ಅನ್ನುವುದನ್ನು ತೋರಿಸಲು ಎರಡು ಕನ್ನಡಿ ಸಾಕು ಅಂತ ಯಾರಿಗೆ ಹೊಳೆಯಿತೋ.

ಹೊರಗೆ ಬಂದಾಗ ಅಜ್ಜಿ, ತಮ್ಮ, ಪುಟ್ಟಿ ಎಲ್ಲ ಮೆಟ್ಟಿಲ ಹತ್ತಿರ. ಹುಡುಗ ಬಿಳಿ ಬದಲಿಸಿ ಸೂಟು ಹಾಕಿಕೊಂಡಿದ್ದಾನೆ. ಫೋಟೊಗ್ರಾಫರ್ ಅವಸರ ಮಾಡುತ್ತಾನೆ, ಯಾಕೆಂದರೆ ಹಿಂದೆ ಇನ್ನೊಂದು ಜೋಡಿ ಕಾಯುತ್ತಿದೆ. ಮೇ ತಿಂಗಳ ಶುಕ್ರವಾರ ಒಂದೇ ಅಂಗಳದಲ್ಲಿ ನಾಲ್ಕೈದು ಬಿಳಿ ಗೌನು ಕಂಡರೂ ಆಶ್ಚರ್ಯವಿಲ್ಲ. ಪುಟ್ಟಿ ಒಂದು ಸಲ ತಪ್ಪಿ ಬೇರೆ ಮದುವೆಯ ಫೋಟೊದಲ್ಲಿ ನಿಂತುಬಿಟ್ಟಳು.

ಇಲ್ಲೊಂದು ಮಾತು ಬೆಂಗಳೂರಿನದು. ಭಾರತದ ಮಾರ್ಮನ್ ಜೋಡಿಗಳು ಸೀಲಿಂಗ್‌ಗೆ ಅಂತ ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಹಾಂಗ್‌ಕಾಂಗ್ ಥರದ ದೂರದೂರಿಗೆ ವಿಮಾನ ಹತ್ತಬೇಕಿತ್ತು. 2018ರ ಏಪ್ರಿಲ್‌ನಲ್ಲಿ ಭಾರತದ ಮೊದಲ ಟೆಂಪಲ್ ಬೆಂಗಳೂರಿಗೆ ಅಂತ ನೆಲ್ಸನ್ ಪ್ರಕಟಿಸಿದರು. 2020ರ ಡಿಸೆಂಬರ್ 2ರಂದು ಗುದ್ದಲಿ ಪೂಜೆ, ಅವರ ರೀತಿಯಲ್ಲಿ, ನಡೆಯಿತು. ನೆಂಟರೆಲ್ಲ ಹಿಂದೂಗಳೋ ಬೇರೆ ಚರ್ಚಿನವರೋ ಆಗಿರುವ ಇಲ್ಲಿನ ಮನೆಗಳಲ್ಲಿ ಚೀಟಿ ಇಲ್ಲದವರೇ ಜಾಸ್ತಿ. ನೂರಾರು ಜನರ ಮುಂದೆ ಧಾರೆ ಎರೆದು ರೂಢಿಯಾದ ಊರಲ್ಲಿ, ‘ಮದುವೆ ಒಳಗಾಯಿತು, ನೀವು ನೋಡುವ ಹಾಗಿಲ್ಲ’ ಅನ್ನುವುದು ಸುಲಭವಲ್ಲ. ಮೊದಲು ಎಲ್ಲರ ಮುಂದೆ ಮದುವೆ, ಆಮೇಲೆ ಟೆಂಪಲ್ ಅನ್ನುವುದು ನಮ್ಮ ಕಡೆಗೆ ಹೆಚ್ಚು ಹೊಂದುತ್ತದೆ.

ಸಂಜೆ ಎರಡನೇ ಬಾಗಿಲು. ಇದು ಎಲ್ಲರಿಗೂ ತೆರೆದದ್ದು. ರಿಸೆಪ್ಷನ್ ನಡೆಯುವುದು ವಾರ್ಡಿನ ಚರ್ಚಿನಲ್ಲಿ, ಅದೂ ಅಲ್ಲಿನ ‘ಕಲ್ಚರಲ್ ಹಾಲ್’ನಲ್ಲಿ. ಹೆಸರು ದೊಡ್ಡದು, ನಿಜದಲ್ಲಿ ಅದು ಬಾಸ್ಕೆಟ್‌ಬಾಲ್ ಅಂಗಳ. ಬಾಡಿಗೆ ಇಲ್ಲ, ಆದರೆ ನಿಯಮ ಇದೆ. ಭಾನುವಾರ ಬೇಡ, ಸೋಮವಾರ ಸಂಜೆಯೂ ಬೇಡ, ಅದು ಮನೆಮಂದಿಯ ಸಂಜೆಯಲ್ಲವೇ. ಮುಗಿದ ಮೇಲೆ ನೀವೇ ಗುಡಿಸಿ ಒರೆಸಿ ಹೋಗಬೇಕು. ಅಡುಗೆಮನೆ ಇದೆ, ಆದರೆ ಅಡುಗೆ ಮಾಡುವಂತಿಲ್ಲ. ಮನೆಯಲ್ಲಿ ಮಾಡಿ ತಂದು ಇಲ್ಲಿ ಬಡಿಸಬಹುದು ಅಷ್ಟೇ.

ಹಾಗಾದರೆ ಮಾಡಿ ತರುವವರು ಯಾರು? ರಿಲೀಫ್ ಸೊಸೈಟಿ. 1842ರಲ್ಲಿ ನೌವೂ ಊರಲ್ಲಿ ಶುರುವಾದ ಹೆಂಗಸರ ಸಂಘ. ಜೋಸೆಫ್ ಸ್ಮಿತ್‌ನ ಹೆಂಡತಿ ಎಮ್ಮಾ ಅದರ ಮೊದಲ ಅಧ್ಯಕ್ಷೆ. ವಾರ್ಡಿನ ದೊಡ್ಡ ಹೆಂಗಸರೆಲ್ಲ ಅದರ ಸದಸ್ಯರೇ. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಮದುವೆ, ಎಲ್ಲ ಇವರಿಗೆ ಗೊತ್ತು. ಭಾನುವಾರದ ತರಗತಿಯಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಕುಕ್ಕಿ ಆರು ಡಜನ್, ಸಣ್ಣ ಸ್ಯಾಂಡ್‌ವಿಚ್, ಹಣ್ಣಿನ ತಟ್ಟೆ, ಮೇಜುಬಟ್ಟೆ, ಕುರ್ಚಿ ಜೋಡಿಸಲು ಗಂಡನ್ನು ಕಳಿಸುವವರು. ಪ್ರತಿ ಸಾಲಿನ ಮುಂದೆ ಖಾಲಿ ಜಾಗ. ಹಾಳೆ ಹಿಂದಿನ ಸಾಲಿಗೆ ಮುಟ್ಟುವಷ್ಟರಲ್ಲಿ ತುಂಬಿರುತ್ತದೆ. ಹೆಸರು ಬರೆಯದೆ ಮುಂದೆ ದಾಟಿಸುವುದು ಹೇಳಿಕೊಳ್ಳುವಷ್ಟು ಸುಲಭ ಅಲ್ಲ, ಪಕ್ಕದವಳು ನೋಡುತ್ತಿರುತ್ತಾಳೆ.

ಅಂಗಳಕ್ಕೆ ಬಿಳಿ ಪರದೆ, ಸೀರಿಯಲ್ ಲೈಟು, ಬಾಡಿಗೆ ಗಿಡಗಳು. ಎಷ್ಟು ಅಲಂಕಾರ ಮಾಡಿದರೂ ಮೇಲೆ ಬಾಸ್ಕೆಟ್‌ಬಾಲ್ ರಿಂಗು ಕಾಣುತ್ತದೆ. ಅದಕ್ಕೂ ಒಂದು ಹೂವಿನ ಗೊಂಚಲು ಕಟ್ಟಿದ್ದಾರೆ. ಅದರಿಂದ ಅದು ಇನ್ನಷ್ಟು ಎದ್ದು ಕಾಣುತ್ತದೆ. ಹುಡುಗ, ಹುಡುಗಿ, ಎರಡೂ ಕಡೆ ಅಪ್ಪ ಅಮ್ಮ ಸಾಲಾಗಿ ನಿಲ್ಲುತ್ತಾರೆ. ಜನ ಕ್ಯೂನಲ್ಲಿ ಬಂದು ಕೈಕುಲುಕಿ, ಎರಡು ಮಾತಾಡಿ, ತಿಂಡಿಯ ಮೇಜಿನತ್ತ ಹೋಗುತ್ತಾರೆ. ನಮ್ಮ ಆರತಕ್ಷತೆಯ ಕ್ಯೂ ನೋಡಿದವರಿಗೆ ಇಲ್ಲಿ ಏನೂ ಹೇಳಿಕೊಡಬೇಕಿಲ್ಲ. ಬಾಳೆಎಲೆ ಊಟ ಮಾತ್ರ ಇಲ್ಲ. ತಿಂಡಿ, ಕೇಕು, ಹಣ್ಣಿನ ಪಂಚು, ಈಗೀಗ ತರಾವರಿ ಸಿರಪ್ ಬೆರೆಸಿದ ಸೋಡಾ. ಜೆಲ್ಲೊ, ಅಂದರೆ ಹಣ್ಣಿನ ರುಚಿಯ ಜೆಲ್ಲಿ, ಕೂಡ ಇರಬಹುದು. ಯೂಟಾದವರಿಗೆ ಅದರ ಮೇಲೆ ಎಷ್ಟು ಪ್ರೀತಿ ಅಂದರೆ 2001ರಲ್ಲಿ ಅದನ್ನು ರಾಜ್ಯದ ಅಧಿಕೃತ ತಿಂಡಿ ಅಂತ ಘೋಷಿಸಿಬಿಟ್ಟರು. ಅಜ್ಜಿ ಒಂದು ಸುತ್ತು ಎಲ್ಲಾ ಮೇಜು ನೋಡಿ ಬಂದು, ಬ್ಯಾಗಿನಿಂದ ತನ್ನ ಥರ್ಮಾಸ್ ತೆಗೆದು, ಕಾರ್ ಪಾರ್ಕಿಂಗ್ ಕಡೆಗೆ ನಡೆಯುತ್ತಾಳೆ. ಹುಡುಗಿಯ ಅಮ್ಮ ನೋಡಿಯೂ ನೋಡದವಳಂತೆ ನಗುತ್ತಾಳೆ.

ಮದುವೆಯಾದ ಮೇಲಿನ ಎರಡನೇ ಭಾನುವಾರ. ಜೋಡಿ ಬೇರೆ ಬಡಾವಣೆಯ ಸಣ್ಣ ಅಪಾರ್ಟ್‌ಮೆಂಟಿಗೆ ಬಂದಿದೆ. ಹಾಗಾಗಿ ವಾರ್ಡೂ ಹೊಸದು, ಬಿಷಪ್ಪೂ ಹೊಸಬರು. ಹಿಂದಿನ ಬೆಂಚಿನಲ್ಲಿ ಕೂತು ಯಾರಿಗೂ ಗೊತ್ತಾಗದಂತೆ ಎದ್ದು ಹೋಗಬಹುದು ಅಂದುಕೊಂಡಿದ್ದರು. ಸಭೆ ಮುಗಿಯುವಷ್ಟರಲ್ಲಿ ಒಬ್ಬರು ಹೆಸರು ಕೇಳಿದರು, ಇನ್ನೊಬ್ಬರು ಫೋನ್ ನಂಬರ್ ಬರೆದುಕೊಂಡರು, ಮೂರನೆಯವರು ‘ಚಿಕ್ಕ ಮಕ್ಕಳ ಕ್ಲಾಸಿಗೆ ಜನ ಬೇಕಾಗಿದ್ದಾರೆ’ ಅಂದರು. ಹುಡುಗಿ ರಿಲೀಫ್ ಸೊಸೈಟಿ ತರಗತಿಯಲ್ಲಿ ಹೋಗಿ ಕೂತಳು. ಮುಂದಿನ ಸಾಲಿನಿಂದ ಒಂದು ಹಾಳೆ ಬಂತು. ಮುಂದಿನ ಶನಿವಾರ ಯಾರದೋ ಮಗಳ ರಿಸೆಪ್ಷನ್, ಯಾರು ಅಂತ ಅವಳಿಗೆ ಗೊತ್ತೇ ಇಲ್ಲ. ಮೇಜುಬಟ್ಟೆ ಸಾಲು ತುಂಬಿತ್ತು. ಕುರ್ಚಿ ಜೋಡಿಸುವುದರ ಮುಂದೆ ಎರಡು ಖಾಲಿ ಇತ್ತು. ಅವಳು ಗಂಡನ ಹೆಸರು ಬರೆದು ಪಕ್ಕಕ್ಕೆ ದಾಟಿಸಿದಳು.